ಬ್ರೇಕಿನಿಂದ ಕಾಲು ಎತ್ತಿದ ಹುಡುಗ: ಒಂದು ಪ್ರಕರಣ ಅಧ್ಯಯನ

ನಾನು ಉಡುಪಿಯಲ್ಲಿ ಕಾರು ಓಡಿಸಲು ಕಲಿಸುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹೆಂಗಸರು, ಆಗಷ್ಟೇ ಹದಿನೆಂಟು ತುಂಬಿದ ಮಕ್ಕಳು ಜಾಸ್ತಿ. ಇಲ್ಲಿ ಬರೆಯುತ್ತಿರುವುದು ಒಂದೇ ಮನೆಯ ವಿಷಯ, ಅವರ ಹೊಸ ಕಾರಿಗೆ ಆದ ಒಂದು ಡಿಕ್ಕಿಯ ವಿಷಯ. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ಹುಡುಗ, ಅಪ್ಪ, ಅಮ್ಮ ಅಂತಷ್ಟೇ ಕರೆಯುತ್ತೇನೆ. ಯಾರ ಜೀವಕ್ಕೂ ತೊಂದರೆ ಆಗಲಿಲ್ಲ. ಆಗಿದ್ದರೆ ಇದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ.

ಹಿನ್ನೆಲೆ

ಮನೆ ಕಾಪು ಕಡೆ. ಹುಡುಗ ಓದುವುದು ಮಣಿಪಾಲದಲ್ಲಿ. ಅಪ್ಪನದು ಸ್ವಂತ ವ್ಯಾಪಾರ. ಓಮ್ನಿಯಲ್ಲಿ ಕಲಿತು ಮೂವತ್ತು ವರ್ಷ ಗಾಡಿ ಓಡಿಸಿದವರು. ಅಮ್ಮನ ಹತ್ತಿರ ಲೈಸೆನ್ಸ್ ಇತ್ತು, ಆದರೆ ಹನ್ನೆರಡು ವರ್ಷದಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ.

ಇವರು ಅಸಡ್ಡೆಯ ಜನ ಅಲ್ಲ. ಹುಡುಗ ಹದಿನಾರರಿಂದಲೇ ಕೀಲಿ ಕೇಳುತ್ತಿದ್ದ. ಅಪ್ಪ ಕೊಡಲಿಲ್ಲ. ನಮ್ಮ ಕಡೆ ಅಂಗಳದಿಂದ ಗದ್ದೆ ಬದಿಯ ರಸ್ತೆಗೆ, ಅಲ್ಲಿಂದ ಪೇಟೆಗೆ ಅಂತ ಸುಮ್ನೆ ಬಿಟ್ಟುಬಿಡುವ ಮನೆಗಳು ಎಷ್ಟೋ ಇವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಹದಿನೆಂಟು ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಪೋಷಕರದು ಅಥವಾ ಗಾಡಿಯ ಮಾಲೀಕರದು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಅಪ್ಪನಿಗೆ ಇದೆಲ್ಲ ಗೊತ್ತಿತ್ತು, ಅದರಂತೆಯೇ ನಡೆದರು. ಹುಡುಗ ಹದಿನೆಂಟು ತುಂಬಿದ ಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದ, 30 ದಿನ ಕಾದ, ಟೆಸ್ಟ್ ಪಾಸಾದ. ಮೇ ತಿಂಗಳಲ್ಲಿ ಲೈಸೆನ್ಸ್ ಕೈಗೆ ಬಂತು.

ಅದೇ ಹೊತ್ತಿಗೆ ಹೊಸ ಕಾರು ಬಂತು. ಆರು ಏರ್‌ಬ್ಯಾಗ್, ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಕಾರು ಅಡ್ಡ ಜಾರದಂತೆ ನೋಡಿಕೊಳ್ಳುವ ಇಎಸ್‌ಸಿ. ಕನ್ನಡಿಯ ಹಿಂದೆ ಕ್ಯಾಮೆರಾ, ಮುಂದಿನ ಗ್ರಿಲ್‌ನಲ್ಲಿ ರಾಡಾರ್. ಎದುರಿನ ಗಾಡಿ ತೀರಾ ಹತ್ತಿರ ಬಂದರೆ ಬೀಪ್ ಮಾಡಿ, ಆಮೇಲೆ ತಾನೇ ಬ್ರೇಕ್ ಹಾಕುವ ಏರ್ಪಾಡೂ ಇತ್ತು. ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಜನ ಸ್ಟಾರ್ ನೋಡಿ ಕಾರು ಕೊಳ್ಳುವುದು ಹೆಚ್ಚಿದೆ. ಅದು ಒಳ್ಳೆಯದೇ. ಇವರೂ ಐದು ಸ್ಟಾರ್ ನೋಡಿಯೇ ಕೊಂಡರು. "ಇಷ್ಟು ಖರ್ಚು ಮಾಡಿದ್ದೇ ಇವನಿಗೋಸ್ಕರ. ಏನೇ ಆದರೂ ಕಾರು ನೋಡಿಕೊಳ್ತದೆ" ಅಂತ ಅಪ್ಪ ಮನೆಯಲ್ಲಿ ಹೇಳಿದ್ದರಂತೆ. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ನಾನೂ ತಾಯಿ.

ಆದರೆ ಮನೆಯಲ್ಲಿ ಯಾರೂ ಆ ಕಾರಿನ ಪುಸ್ತಕ ಬಿಡಿಸಿ ನೋಡಿರಲಿಲ್ಲ. ಡೆಲಿವರಿ ದಿನ ಪೂಜೆ, ಫೋಟೋ, ಸಿಹಿ, ಹಾಡಿನ ಸಿಸ್ಟಮ್ ಮೊಬೈಲಿಗೆ ಜೋಡಿಸುವುದು, ಇಷ್ಟಕ್ಕೇ ಹೊತ್ತು ಮುಗಿದಿತ್ತು.

ಮೊದಲ ತಪ್ಪು ಎಲ್ಲಿ ಆಯಿತು

ಮೊದಲ ಹದಿನೈದು ದಿನ ಕಾರು ಬೀಪ್ ಮಾಡುತ್ತಲೇ ಇತ್ತಂತೆ. ಕಲ್ಸಂಕದಲ್ಲಿ ಸ್ಕೂಟರ್ ಅಡ್ಡ ಬಂದರೆ ಬೀಪ್. ಇಂದ್ರಾಳಿ ಏರಿನಲ್ಲಿ ಬಸ್ ಮುಂದೆ ನುಗ್ಗಿದರೆ ಬೀಪ್. ಅಮ್ಮ ಒಂದು ದಿನ "ಇದೆಂತದು ಮಾರಾಯ್ರೆ, ನನಗೆ ಎದೆ ಹೊಡ್ಕೊಳ್ತದೆ, ನಿಲ್ಸಿ" ಅಂದರು. ಅಪ್ಪ ಸ್ಕ್ರೀನ್‌ನಲ್ಲಿ ಹುಡುಕಿದರು. ಅಲ್ಲಿ ಮೂರು ಆಯ್ಕೆ ಇದ್ದವು: ಎಚ್ಚರಿಸಿ ಬ್ರೇಕೂ ಹಾಕುವುದು, ಎಚ್ಚರಿಕೆ ಮಾತ್ರ, ಆಫ್. ಅವರು ಆಫ್ ಒತ್ತಿದರು. ಸದ್ದು ನಿಂತಿತು. ಆ ಕಾರಿನಲ್ಲಿ ಆಫ್ ಮಾಡಿದ್ದು ಆಫ್ ಆಗಿಯೇ ಉಳಿಯುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಹಳದಿ ಗುರುತು ಮಾತ್ರ ಉರಿಯುತ್ತಿರುತ್ತದೆ. ಹುಡುಗನಿಗೆ ಈ ವಿಷಯ ಯಾರೂ ಹೇಳಲಿಲ್ಲ. ಅಪ್ಪನಿಗೂ ನಾಲ್ಕು ದಿನಕ್ಕೆ ಮರೆತುಹೋಯಿತು.

ಇನ್ನೊಂದು ಕಡೆ ಹುಡುಗ ಬೀಪಿನಿಂದಲೇ ಓಡಿಸಲು ಕಲಿತಿದ್ದ. ಇದು ನನಗೆ ಆಮೇಲೆ ತಿಳಿದದ್ದು. ಈಗಿನ ಎಲ್ಲ ಕಾರುಗಳಲ್ಲಿ 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್ ಇರಬೇಕು ಅಂತ 2019ರ ಜುಲೈಯಿಂದ ನಿಯಮ. ಹುಡುಗ ಅದನ್ನೇ ಅಳತೆ ಮಾಡಿಕೊಂಡಿದ್ದ. "ಮಳೆಯಲ್ಲಿ ಎಷ್ಟರಲ್ಲಿ ಹೋಗ್ತೀಯಾ?" ಅಂತ ಕೇಳಿದೆ. "ಎಪ್ಪತ್ತೆಂಟು. ಬೀಪ್ ಬರಲ್ಲ ಅಲ್ವಾ?" ಅಂದ. ಮುಖದಲ್ಲಿ ಸ್ವಲ್ಪವೂ ಹುಡುಗಾಟ ಇರಲಿಲ್ಲ. ಅವನು ನಿಯಮ ಪಾಲಿಸುತ್ತಿದ್ದೇನೆ ಅಂತಲೇ ನಂಬಿದ್ದ.

ಆ ಸಂಜೆ

ಆಗಸ್ಟ್ ಕೊನೆಯ ವಾರ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯಲ್ಲಿ ಬೋಟುಗಳು ಮತ್ತೆ ಇಳಿದಿದ್ದವು. ಹಾಗಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳೂ ಶುರುವಾಗಿದ್ದವು ಅಂತ ಅರ್ಥ. ಆ ಲಾರಿಗಳಿಂದ ಸುರಿಯುವ ನೀರು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಉಪ್ಪು, ಮೀನಿನ ಎಣ್ಣೆ, ಕರಗಿದ ಐಸ್ ಎಲ್ಲ ಸೇರಿದ ನೀರದು. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಸಣ್ಣಗೆ ಹನಿಯುವಾಗ ರಸ್ತೆಯ ಮೇಲೆ ಪಸೆಯಂತೆ ಹರಡುತ್ತದೆ. ಬೈಕಿನವರು ಬಿದ್ದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಹುಡುಗ ಕಾಲೇಜು ಮುಗಿಸಿ ಕರಾವಳಿ ಜಂಕ್ಷನ್ನಿಂದ ದಕ್ಷಿಣಕ್ಕೆ ತಿರುಗಿದ. ಒಬ್ಬನೇ ಇದ್ದ, ಬೆಲ್ಟ್ ಹಾಕಿದ್ದ. ಅಂಬಲಪಾಡಿ ದಾಟಿ ಉದ್ಯಾವರ ಕಡೆ ಹೋಗುವಾಗ ವೇಗ ಅರವತ್ತರ ಆಸುಪಾಸು. ಮುಂದೆ ಒಂದು ಗೂಡ್ಸ್ ಟೆಂಪೊ. ಡಿವೈಡರ್ ತೆರೆದ ಜಾಗದಲ್ಲಿ ತಿರುಗಲು ಅದು ಒಮ್ಮೆಲೇ ನಿಧಾನ ಮಾಡಿತು.

ಇಲ್ಲಿಂದ ಮುಂದಿನ ಎರಡು ಸೆಕೆಂಡನ್ನು ಅವನು ನನಗೆ ಮೂರು ಸಲ ಹೇಳಿದ್ದಾನೆ. ಟೆಂಪೊದ ಕೆಂಪು ಲೈಟ್ ಕಂಡಿತು. ಕಂಡರೂ ಅವನು ಕಾದ. "ಕಾರು ಹೇಳ್ತದೆ ಅಂತ ಇದ್ದೆ" ಅಂದ. ಕಾರು ಹೇಳಲಿಲ್ಲ. ಆಗ ಬ್ರೇಕ್ ಜೋರಾಗಿ ತುಳಿದ. ಪೆಡಲ್ ಕಾಲಿನ ಕೆಳಗೆ ಗಡಗಡ ಅಂತ ನಡುಗಿತು, ಎಲ್ಲೋ ಕಟಕಟ ಸದ್ದು ಬಂತು. ಏನೋ ಮುರಿಯಿತು ಅಂದುಕೊಂಡು ಕಾಲು ಎತ್ತಿದ. ಮತ್ತೆ ತುಳಿದ, ಮತ್ತೆ ನಡುಗಿತು, ಮತ್ತೆ ಎತ್ತಿದ. ಅಷ್ಟರಲ್ಲಿ ಟೆಂಪೊ ಬಂದೇಬಿಟ್ಟಿತ್ತು.

ಬಂಪರ್, ಗ್ರಿಲ್, ಬಾನೆಟ್ ಹೋದವು. ಟೆಂಪೊದ ಹಿಂದಿನ ಬಾಗಿಲು ಬಾಗಿತು. ಅದರ ಚಾಲಕ ಇಳಿದು ಬಂದವರು ಮೊದಲು ಕೇಳಿದ್ದು, "ಮಗಾ, ನಿಂಗೆ ಪೆಟ್ಟು ಆಯ್ತಾ?" ಅಂತ. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವ.

ಆ ನಡುಕ ಎಂಥದ್ದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಅದು ಎಬಿಎಸ್ ಕೆಲಸ ಮಾಡುವ ರೀತಿ. ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್ ಇರುತ್ತದೆ. ಚಕ್ರ ತಿರುಗುವುದು ನಿಂತು ಜಾರಲು ಹೊರಟರೆ ಎಬಿಎಸ್ ಆ ಚಕ್ರದ ಬ್ರೇಕನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ. ಅದೇ ಕಾಲಿಗೆ ಗಡಗಡ ಅಂತ ತಾಗುವುದು. ಚಾಲಕ ಮಾಡಬೇಕಾದದ್ದು ಒಂದೇ: ಗಟ್ಟಿಯಾಗಿ ತುಳಿದ ಕಾಲನ್ನು ತೆಗೆಯದೆ ಸ್ಟೀರಿಂಗ್ ತಿರುಗಿಸಿ ಖಾಲಿ ಜಾಗಕ್ಕೆ ಹೋಗುವುದು. ಎಬಿಎಸ್ ಇರುವುದೇ ಬ್ರೇಕ್ ಹಾಕಿದಾಗಲೂ ಕಾರು ತಿರುಗಲಿ ಅಂತ. ಅವತ್ತು ಹುಡುಗನ ಎಡಗಡೆ ಲೇನ್ ಖಾಲಿ ಇತ್ತು.

ಅಪ್ಪ ಕಲಿಸಿದ್ದು ಬೇರೆ. "ಮಳೆಯಲ್ಲಿ ಬ್ರೇಕ್ ಒತ್ತಿ ಹಿಡಿಯಬೇಡ. ಒತ್ತು, ಬಿಡು, ಒತ್ತು, ಬಿಡು." ಓಮ್ನಿಗೆ ಅದು ಸರಿಯಾದ ಪಾಠ. ಅದರಲ್ಲಿ ಎಬಿಎಸ್ ಇರಲಿಲ್ಲ, ಒತ್ತಿ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ನೇರ ಜಾರುತ್ತಿತ್ತು. ಅಪ್ಪ ಮೂವತ್ತು ವರ್ಷ ಆ ಪಾಠದಿಂದಲೇ ಕ್ಷೇಮವಾಗಿದ್ದರು. ಮಗನಿಗೆ ತನ್ನಲ್ಲಿದ್ದ ಒಳ್ಳೆಯದನ್ನೇ ಕೊಟ್ಟರು. ಹೊಸ ಕಾರಿಗೆ ಅದು ಹೊಂದುತ್ತಿರಲಿಲ್ಲ.

ಮನೆಯಲ್ಲಿ ಮಾಡಿ ನೋಡಿದ್ದು

ಅಪ್ಪನ ಮೊದಲ ಪ್ರಶ್ನೆ, "ಏರ್‌ಬ್ಯಾಗ್ ಯಾಕೆ ಓಪನ್ ಆಗಲಿಲ್ಲ?" ಎರಡು ವಾರ ಅವರು ಇದನ್ನೇ ಕೇಳುತ್ತಿದ್ದರು, ತನಗೆ ಕೆಟ್ಟ ಕಾರು ಕೊಟ್ಟಿದ್ದಾರೆ ಅಂತ ಸಿಟ್ಟಾಗಿದ್ದರು. ಮುಂದಿನ ಏರ್‌ಬ್ಯಾಗ್ ಎಲ್ಲ ಪೆಟ್ಟಿಗೂ ತೆರೆಯುವುದಿಲ್ಲ. ಕಾರಿನ ವೇಗ ಒಮ್ಮೆಲೇ ತೀರಾ ಇಳಿದರೆ, ಬೆಲ್ಟ್ ಒಂದೇ ಸಾಲದು ಅನ್ನುವಷ್ಟು ಪೆಟ್ಟು ಜೋರಾಗಿದ್ದರೆ ಮಾತ್ರ ತೆರೆಯುತ್ತದೆ. ಹುಡುಗ ತಾಗಿಸಿದಾಗ ವೇಗ ತುಂಬ ಇಳಿದಿತ್ತು. ಅವನನ್ನು ಹಿಡಿದದ್ದು ಬೆಲ್ಟ್. ಭುಜದ ಮೇಲೆ ಅದರ ಗುರುತು ನೀಲಿಗಟ್ಟಿತ್ತು.

ಆಮೇಲೆ ಕೀಲಿ ಕಿತ್ತುಕೊಂಡರು. ಕಾರು ರಿಪೇರಿಯಾಗಿ ಬಂದ ಮೇಲೆ ಕೊಟ್ಟರು, ಆದರೆ ಕಾರಿನ ಆಪ್‌ನಲ್ಲಿ ವೇಗದ ಮಿತಿ 60 ಅಂತ ಇಟ್ಟರು. ಮಗ ಅದನ್ನು ದಾಟಿದ ತಕ್ಷಣ ಅಪ್ಪನ ಮೊಬೈಲಿಗೆ ಸಂದೇಶ ಬರುತ್ತಿತ್ತು. ಅಪ್ಪ ಆ ಕ್ಷಣವೇ ಮಗನಿಗೆ ಫೋನ್ ಮಾಡುತ್ತಿದ್ದರು. ಮಗ ತೆಗೆಯದಿದ್ದರೆ ಮತ್ತೆ ಮಾಡುತ್ತಿದ್ದರು. ಹೆದ್ದಾರಿಯಲ್ಲಿ, ಮಳೆಯಲ್ಲಿ, ಹೆದರಿದ ಹುಡುಗ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಅಪ್ಪನ ಫೋನ್‌ಗೆ ಉತ್ತರ ಕೊಡುತ್ತಿದ್ದ. ಇದನ್ನು ಕೇಳಿದಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು. ಉದ್ಯಾವರದ ಡಿಕ್ಕಿಗಿಂತ ಜಾಸ್ತಿ ಅಪಾಯ ಈ ಫೋನ್‌ನಲ್ಲಿತ್ತು.

ಹುಡುಗ ಒಂದು ವಾರ ಸಹಿಸಿದ. ಆಮೇಲೆ ಕಾರು ಬಿಟ್ಟ. ಗೆಳೆಯನ ಬೈಕಿನ ಹಿಂದೆ ಕೂತು ಹೋಗತೊಡಗಿದ. ಒಂದು ದಿನ ಅಮ್ಮ ಕಟಪಾಡಿ ಪೇಟೆಯಲ್ಲಿ ಅವನನ್ನು ಹೆಲ್ಮೆಟ್ ಇಲ್ಲದೆ ಕಂಡರು. ಆರು ಏರ್‌ಬ್ಯಾಗಿನ ಕಾರು ಅಂಗಳದಲ್ಲಿ ನಿಂತಿತ್ತು. ಮರುದಿನ ಬೆಳಿಗ್ಗೆ ಅಮ್ಮ ನನಗೆ ಫೋನ್ ಮಾಡಿದರು. "ನನಗೆ ಪುನಃ ಕಲಿಸ್ತೀರಾ? ನಾನು ಅವನ ಪಕ್ಕ ಕೂರಬೇಕು."

ಮಗನಿಗೆ ಬುದ್ಧಿ ಹೇಳಿ ಅಂತ ಕೇಳಿದ್ದರೆ ನಾನು ಬಹುಶಃ ನಾಲ್ಕು ಮಾತು ಹೇಳಿ ಕಳಿಸುತ್ತಿದ್ದೆ. ತಾನು ಕಲಿಯುತ್ತೇನೆ ಅಂದರಲ್ಲ, ಇಡೀ ವಿಷಯ ತಿರುಗಿದ್ದು ಅಲ್ಲಿಂದ.

ನಿಂತ ಕಾರಿನಲ್ಲಿ ಒಂದು ಗಂಟೆ

ಮೊದಲ ದಿನ ಸ್ಟಾರ್ಟ್ ಮಾಡಲು ಬಿಡಲಿಲ್ಲ. ಅವರ ಅಂಗಳದಲ್ಲೇ ಕಾರಿನಲ್ಲಿ ಕೂತೆವು. ಅಮ್ಮ ಚಾಲಕರ ಸೀಟಿನಲ್ಲಿ, ನಾನು ಪಕ್ಕ, ಹುಡುಗ ಹಿಂದೆ, ಮಡಿಲಲ್ಲಿ ಕಾರಿನ ಪುಸ್ತಕ. ಅಪ್ಪ ಬರಲಿಲ್ಲ, ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

ನನ್ನ ಎದುರು ಡ್ಯಾಶ್‌ಬೋರ್ಡ್ ಮೇಲೆ ಹಿತ್ತಾಳೆಯ ಗಣಪತಿ ಮೂರ್ತಿ. ಅಂಗೈಯಷ್ಟು ಎತ್ತರ, ಬುಡಕ್ಕೆ ಡಬಲ್ ಟೇಪ್. ಮೂರ್ತಿಯ ಪೀಠದ ಅಡಿಯಿಂದ 'ಏರ್‌ಬ್ಯಾಗ್' ಅನ್ನುವ ಅಚ್ಚಿನ ಕೊನೆಯ ಎರಡಕ್ಷರ ಮಾತ್ರ ಕಾಣುತ್ತಿತ್ತು. ಆ ಮುಚ್ಚಳ ತೆರೆಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮೇಲಿದ್ದ ವಸ್ತು ಅದೇ ವೇಗದಲ್ಲಿ ಎದುರಿಗೆ ಕೂತವರ ಮುಖಕ್ಕೆ ಬರುತ್ತದೆ. ಆ ಸೀಟಿನಲ್ಲಿ ದಿನಾ ಕೂರುವವರು ಅಮ್ಮನೇ. ನಾನು ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇಳಿದು ಕೈ ತೊಳೆದು ಬಂದು, ಮೂರ್ತಿಯನ್ನು ತೆಗೆದು ದೇವರ ಕೋಣೆಯಲ್ಲಿಟ್ಟರು. ಈಗ ಕಾರಿನಲ್ಲಿ ಕೃಷ್ಣಮಠದ ಒಂದು ಸಣ್ಣ ಸ್ಟಿಕರ್ ಇದೆ.

ಆಮೇಲೆ ಒಂದೊಂದೇ ಸಿಕ್ಕಿದವು. ಮುಂದಿನ ಸೀಟುಗಳಿಗೆ ದಪ್ಪ ಕವರ್ ಹೊಲಿಸಿದ್ದರು. ಬದಿಯ ಏರ್‌ಬ್ಯಾಗ್ ಸೀಟಿನ ಒಳಗೇ ಇರುತ್ತದೆ, ಅದು ಹೊಲಿಗೆ ಹರಿದು ಹೊರಬರಬೇಕು. ಮಾಮೂಲಿ ಕವರ್ ಹಾಕಿದರೆ ಅಡ್ಡವಾಗಬಹುದು. ಹಿಂದಿನ ಸೀಟಿನ ಬಕಲ್‌ನಲ್ಲಿ ಬರೀ ಕ್ಲಿಪ್ ಸಿಕ್ಕಿಸಿತ್ತು, ಅಜ್ಜಿಗೆ ಬೆಲ್ಟ್ ಹಿಂಸೆ ಅಂತ. ಬೆಲ್ಟಿನ ಸದ್ದು ನಿಲ್ಲಿಸುವ ಇಂಥ ಕ್ಲಿಪ್‌ಗಳನ್ನು ಆನ್‌ಲೈನ್‌ನಲ್ಲಿ ಮಾರಬಾರದು ಅಂತ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಕೊಟ್ಟಿದೆ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತಿಗಿಂತ, ಡಿಕ್ಕಿಯಲ್ಲಿ ಅಜ್ಜಿ ಮುಂದಿನ ಸೀಟಿಗೆ ಹೇಗೆ ಬಂದು ಬಡಿಯುತ್ತಾರೆ ಅಂತ ಹೇಳಿದಾಗ ಹುಡುಗ ತಾನೇ ಕ್ಲಿಪ್ ಕಿತ್ತು ಜೇಬಿಗೆ ಹಾಕಿಕೊಂಡ.

ಅಮ್ಮ ಸ್ಟೀರಿಂಗಿಗೆ ಎದೆ ತಾಗುವಷ್ಟು ಹತ್ತಿರ ಕೂತಿದ್ದರು. ಎದೆಗೂ ಸ್ಟೀರಿಂಗಿಗೂ ಕಡೇಪಕ್ಷ 25 ಸೆಂಟಿಮೀಟರ್ ಬೇಕು. ಸೀಟು ಹಿಂದೆ ಸರಿಸಿ, ಎತ್ತರ ಏರಿಸಿದೆವು.

ಕೊನೆಗೆ ಸ್ಕ್ರೀನ್‌ನ ಮೆನು ತೆರೆದೆವು. ಆಗ ಹುಡುಗನಿಗೆ ಆ 'ಆಫ್' ಕಂಡಿತು. "ಇದು ಯಾವಾಗಿಂದ ಆಫ್ ಇತ್ತು?" ಅಂದ. ಅಮ್ಮ ನನ್ನ ಮುಖ ನೋಡಿದರು, ಆಮೇಲೆ ಜಗಲಿ ಕಡೆ ನೋಡಿದರು. ಅಲ್ಲಿ ಪೇಪರ್ ಕೆಳಗಿಳಿಯಿತು.

ಆನ್ ಇದ್ದರೂ ಆ ಜಾರುವ ರಸ್ತೆಯಲ್ಲಿ ಹಿಡಿತ ಟೈರಿನಿಂದಲೇ ಬರಬೇಕಿತ್ತು, ಕಾರು ತಾನೇ ಬ್ರೇಕ್ ಹಾಕಿದರೂ ಅಷ್ಟೇ. ಆದರೆ ಇಲ್ಲದ ಕಾವಲುಗಾರನನ್ನು ನಂಬಿ ಒಂದು ಮಗು ಎರಡು ತಿಂಗಳು ಹೆದ್ದಾರಿಯಲ್ಲಿ ಓಡಾಡಿತ್ತು. ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಡಿಕ್ಕಿಯ ಎಚ್ಚರಿಕೆ, ಬ್ರೇಕ್, ಇಎಸ್‌ಸಿ ಈ ಮೂರನ್ನು ಯಾವತ್ತೂ ಆಫ್ ಮಾಡಬಾರದು. ಸದ್ದು ಜಾಸ್ತಿ ಅನಿಸಿದರೆ ಎಚ್ಚರಿಕೆಯ ದೂರ ಕಡಿಮೆ ಮಾಡಲು ಬೇರೆ ಆಯ್ಕೆಯೇ ಇದೆ. ಕಾರು ಗೆರೆ ದಾಟದಂತೆ ತಾನೇ ಸ್ಟೀರಿಂಗ್ ಎಳೆದು ಲೇನ್‌ನಲ್ಲೇ ಹಿಡಿದಿಡುವ ಏರ್ಪಾಡನ್ನು ಪೇಟೆಯಲ್ಲಿ ಆಫ್ ಮಾಡಿ ಅಂದೆ. ನಮ್ಮ ಒಳರಸ್ತೆಗಳಲ್ಲಿ ಬಿಳಿ ಗೆರೆಯೇ ಇರುವುದಿಲ್ಲ, ಅರ್ಧ ಅಳಿಸಿದ ಗೆರೆ ನೋಡಿ ಕಾರು ಸ್ಟೀರಿಂಗ್ ಎಳೆದರೆ ಹೊಸಬರು ಗಾಬರಿಯಾಗುತ್ತಾರೆ. ಜೋರು ಮಳೆಯಲ್ಲಿ ಕ್ಯಾಮೆರಾಕ್ಕೆ ಕಾಣದೆ ಹಳದಿ ಸಂದೇಶ ಬಂದರೆ, ಇನ್ನು ಮುಂದೆ ನೋಡುವುದು ನೀನು ಮಾತ್ರ ಅಂತ ತಿಳಿದುಕೋ ಅಂದೆ.

ಕಲ್ಯಾಣಮಂಟಪದ ಹಿಂದೆ

ಎಬಿಎಸ್ ಬಾಯಲ್ಲಿ ಹೇಳಿ ಕಲಿಸುವ ವಿಷಯ ಅಲ್ಲ. ಕಾಲಿಗೆ ಒಮ್ಮೆ ಗೊತ್ತಾಗಬೇಕು. ಅದಕ್ಕೆ ಖಾಲಿ, ಒದ್ದೆ, ದೊಡ್ಡ ಜಾಗ ಬೇಕು. ಸೆಪ್ಟೆಂಬರ್, ಪಿತೃಪಕ್ಷ, ಮದುವೆ ಇಲ್ಲ. ನನಗೆ ಪರಿಚಯದ ಒಂದು ಕಲ್ಯಾಣಮಂಟಪದ ಹಿಂದೆ ಇಂಟರ್‌ಲಾಕ್ ಹಾಕಿದ ದೊಡ್ಡ ಪಾರ್ಕಿಂಗ್ ಇದೆ. ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ಪಾಚಿ ಹಿಡಿಯುತ್ತದೆ. ಕೇಳಿಕೊಂಡು ಒಂದು ಭಾನುವಾರ ಬೆಳಿಗ್ಗೆ ಹೋದೆವು. ಅಪ್ಪನೂ ಬಂದರು. "ಸುಮ್ನೆ ನೋಡ್ಲಿಕ್ಕೆ" ಅಂದರು.

ಮೂವತ್ತರ ವೇಗ. ಖಾಲಿ ತರಕಾರಿ ಬುಟ್ಟಿಯೊಂದನ್ನು ಇಟ್ಟು, ಅದರ ಹತ್ತಿರ ಬಂದಾಗ ಪೂರ್ತಿ ಬ್ರೇಕ್, ಕಾಲು ತೆಗೆಯದೆ ಬುಟ್ಟಿಯ ಎಡಕ್ಕೆ ತಿರುಗಿಸುವುದು. ಮೊದಲು ಅಮ್ಮ. ನಡುಗಿದ ತಕ್ಷಣ "ಅಯ್ಯೋ" ಅಂದರು, ಕಾಲು ಎದ್ದಿತು, ಬುಟ್ಟಿ ಹೋಯಿತು. ಮೂರನೇ ಸಲಕ್ಕೆ ಸರಿಯಾಯಿತು. ಹುಡುಗ ಎರಡನೇ ಸಲಕ್ಕೇ ಕಲಿತ. ಕಾರು ಬುಟ್ಟಿಯ ಪಕ್ಕದಲ್ಲಿ ನಿಂತಾಗ ಅವನು ಸ್ಟೀರಿಂಗ್ ಹಿಡಿದೇ ಕೂತಿದ್ದ. ಕಣ್ಣು ತುಂಬಿತ್ತು. "ಅವತ್ತೂ ಹೀಗೇ ತಪ್ಪಿಸಬಹುದಿತ್ತು ಅಲ್ವಾ" ಅಂದ.

ಆಗ ಅಪ್ಪ ಕಾರಿನ ಹತ್ತಿರ ಬಂದು "ನಾನು ಒಮ್ಮೆ" ಅಂದರು.

ಮೂವತ್ತು ವರ್ಷದ ಚಾಲಕ. ಬುಟ್ಟಿಯ ಹತ್ತಿರ ಬಂದರು, ತುಳಿದರು, ಪೆಡಲ್ ನಡುಗಿತು. ಅವರ ಕಾಲೂ ಎದ್ದಿತು. ಒತ್ತು, ಬಿಡು, ಒತ್ತು, ಬಿಡು. ಬುಟ್ಟಿ ಚಕ್ರದ ಅಡಿಗೆ ಹೋಗಿ ಪುಡಿಯಾಯಿತು. ಅವರು ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಹಾಗೆಯೇ ಕೂತರು. ಆಮೇಲೆ ಮಗನ ಕಡೆ ತಿರುಗಿ, "ನನ್ನ ಕಾಲೂ ಎದ್ದಿತು ನೋಡು. ಇದು ನಾನೇ ಕಲಿಸಿದ್ದು" ಅಂದರು. ಅಷ್ಟೇ ಹೇಳಿದ್ದು. ಆ ಮನೆಯಲ್ಲಿ ಒಂದು ತಿಂಗಳಿಂದ ಬಿಗಿದುಕೊಂಡಿದ್ದದ್ದು ಆ ಮಾತಿಗೆ ಸಡಿಲಾಯಿತು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದೆ.

ಮುಂದಿನ ಮೂರು ತಿಂಗಳು

ನಮ್ಮಲ್ಲಿ ಲೈಸೆನ್ಸ್ ಸಿಕ್ಕಿದ ದಿನವೇ ಹದಿನೆಂಟರ ಮಗು ರಾತ್ರಿ ಹನ್ನೆರಡಕ್ಕೆ, ಮಳೆಯಲ್ಲಿ, ಕಾರು ತುಂಬ ಗೆಳೆಯರನ್ನು ಕೂರಿಸಿಕೊಂಡು ಹೋಗಬಹುದು. ಕಾನೂನು ತಡೆಯುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ಹೊಸ ಚಾಲಕರಿಗೆ ಹಂತ ಹಂತವಾಗಿ ಬಿಡುತ್ತಾರೆ. ಮೊದಮೊದಲು ರಾತ್ರಿ ಓಡಿಸಲು, ಗೆಳೆಯರನ್ನು ಕೂರಿಸಲು ಮಿತಿ ಇರುತ್ತದೆ. ಇವರು ಅದನ್ನು ಮನೆಯಲ್ಲೇ ಮಾಡಿಕೊಂಡರು. ಮೊದಲ ತಿಂಗಳು ಅಮ್ಮ ಪಕ್ಕದಲ್ಲಿ. ಎರಡನೇ ತಿಂಗಳು ಹಗಲು ಒಬ್ಬನೇ, ರಾತ್ರಿ ಅಥವಾ ಜೋರು ಮಳೆಗೆ ಅಮ್ಮ ಜೊತೆಗೆ. ಗೆಳೆಯರು ಡಿಸೆಂಬರ್ ಆದ ಮೇಲೆ, ಅದೂ ಒಬ್ಬರು.

ಆಪ್ ತೆಗೆಯಲಿಲ್ಲ. ಆದರೆ ತಕ್ಷಣದ ಸಂದೇಶವನ್ನು ಅಪ್ಪ ನಿಲ್ಲಿಸಿದರು. ಮಗ ಓಡಿಸುವ ಹೊತ್ತಿನಲ್ಲಿ ಮನೆಯಿಂದ ಫೋನ್ ಹೋಗುವುದಿಲ್ಲ. ಭಾನುವಾರ ಇಬ್ಬರೂ ಕೂತು ವಾರದ ಲೆಕ್ಕ ನೋಡುತ್ತಾರೆ. ಎಲ್ಲಿ ಜೋರಾಗಿ ಬ್ರೇಕ್ ಹಾಕಿದ್ದು, ಯಾಕೆ ಅಂತ ಮಗ ಹೇಳುತ್ತಾನೆ.

ವೇಗಕ್ಕೆ ಬೀಪ್ ಬಿಟ್ಟು ಅಂತರ ಅಳೆಯಲು ಕಲಿಸಿದೆ. ಅರವತ್ತರಲ್ಲಿ ಕಾರು ಸೆಕೆಂಡಿಗೆ 16–17 ಮೀಟರ್ ಹೋಗುತ್ತದೆ. ಮುಂದಿನ ಗಾಡಿ ಒಂದು ಕರೆಂಟ್ ಕಂಬ ದಾಟಿದಾಗ ಮನಸ್ಸಿನಲ್ಲಿ "ಕಟಪಾಡಿ ಒಂದು, ಕಟಪಾಡಿ ಎರಡು" ಅಂತ ಎಣಿಸಬೇಕು. ಒಣ ರಸ್ತೆಯಲ್ಲಿ ಎರಡು ಎಣಿಸಿದ ಮೇಲೆ ನಾವು ಆ ಕಂಬ ತಲುಪಬೇಕು, ಮಳೆಯಲ್ಲಿ ನಾಲ್ಕು. ಮೀನಿನ ಲಾರಿಯ ಹಿಂದೆ ಇನ್ನೂ ಜಾಸ್ತಿ.

ಎಲ್ಲವೂ ಸರಿಹೋಗಲಿಲ್ಲ. ಹೆದ್ದಾರಿ ಖಾಲಿ ಇದ್ದರೆ ಅವನ ಕಾಲು ಈಗಲೂ ಭಾರವಾಗುತ್ತದೆ, ಅಮ್ಮ ಇದನ್ನು ಮುಚ್ಚಿಡಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಲು ಅಜ್ಜಿ ಒಪ್ಪಿದ್ದು ದೂರದ ಪ್ರಯಾಣಕ್ಕೆ ಮಾತ್ರ, ಅದಕ್ಕೂ ಪ್ರತಿ ಸಲ ಜಗಳ. ರಿಪೇರಿ ಮಾಡಿಸಿದಾಗ ಗ್ರಿಲ್‌ನಲ್ಲಿದ್ದ ರಾಡಾರ್ ಸರಿಯಾದ ದಿಕ್ಕಿಗೆ ಹೊಂದಿಸಿದ್ದಾರಾ ಅಂತ ಯಾರೂ ಕೇಳಿರಲಿಲ್ಲ. ನಾನು ಹೇಳಿದ ಮೇಲೆ ಮತ್ತೆ ಕೊಂಡುಹೋಗಿ ಪರೀಕ್ಷೆ ಮಾಡಿಸಿದರು.

ಜನವರಿಯ ಹೊತ್ತಿಗೆ ಅಮ್ಮ ಒಬ್ಬರೇ ಮಂಗಳೂರಿಗೆ ಹೋಗಿಬಂದರು. ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಕೂಳೂರು ಸೇತುವೆ ದಾಟಿ. ನನಗೆ ಫೋನ್ ಮಾಡಿ ಹೇಳುವಾಗ ದನಿ ನಡುಗುತ್ತಿತ್ತು, ಖುಷಿಗೆ.

ಆಮೇಲೆ ಸುಮಾರು ದಿನ ಸುದ್ದಿ ಇರಲಿಲ್ಲ. ಮೇ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮರುದಿನ ಅಪ್ಪನ ಫೋನ್ ಬಂತು. ಅಕ್ಕನ ಮಗಳಿಗೆ ಹದಿನೆಂಟು ತುಂಬಿದೆ, ಎಲ್‌ಎಲ್‌ಆರ್ ಆಗಿದೆ, ಕಲ್ಯಾಣಮಂಟಪದ ಹಿಂದೆ ಕರೆದುಕೊಂಡು ಹೋದೆವು, ಅಲ್ಲಿ ಮದುವೆಯ ಕಾರುಗಳು ತುಂಬಿವೆ ಅಂದರು. "ಬುಟ್ಟಿ ತಂದಿದ್ದೇವೆ. ಬೇರೆ ಜಾಗ ಎಲ್ಲಾದರೂ ಉಂಟಾ?"